ನಿರ್ಣಾದವರ ಪಾಲಿನ ಹೂವು

ಮದುವೆಯಾಗಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದ ಹೊಸತರಲ್ಲಿ ನನಗೆ ನಮ್ಮ ಮಾವನವರ ಮೇಲೆ ಒಂದು ಗುಮಾನಿ ಇತ್ತು. ನಿರ್ಣಾ ಎಂಬ ಊರಿನಲ್ಲಿ ಅವರಿಗೆ ಯಾರೋ ಇದ್ದಾರೆ ಎಂದು. ತವರಿಗೆ ಹೋಗಿ ಬಂದಾಗಲೆಲ್ಲ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಕೇಳುತ್ತಿದ್ದರು, "ನಿರ್ಣಾ ಕಡಿ ಮಳಿ ಆಗ್ಯಾದೇನ್ ತಂಗಿ?"

ನಿರ್ಣಾ ನನ್ನ ತವರಿನಿಂದಲೂ ಆಚೆಗಿನ ಹಳ್ಳಿ. ನಮಗೆ ಅಲ್ಲಿ ಹೊಲವಿಲ್ಲ, ನೆಂಟರಿಲ್ಲ. ಬೇಸಿಗೆಯಾದರೆ ಅಲ್ಲಿನ ಬಿಸಿಲನ್ನು ವಿಚಾರಿಸುತ್ತಿದ್ದರು, ಸುಗ್ಗಿಯಾದರೆ ತೊಗರಿಯನ್ನು. ಹುಮನಾಬಾದಿನ ಪಕ್ಕದ ಮಾಣಿಕನಗರದ ಮಠಕ್ಕೆ ಹೋಗಿಬಂದವರು ಪ್ರಸಾದ ಕೊಡಲು ಮನೆಗೆ ಬಂದರೆ, ಪ್ರಸಾದಕ್ಕೆ ಕೈ ಚಾಚುವ ಮೊದಲೇ ಅದೇ ಪ್ರಶ್ನೆ. ಅತ್ತೆಯವರನ್ನು ಕೇಳಿದರೆ ರೊಟ್ಟಿ ಬಡಿಯುತ್ತಲೇ ಹೇಳಿದರು, "ಮಿಲಿಟ್ರಿ ಮಂದಿ ತಲಿಯಾಗ ಏನೇನ್ ಇರ್ತದೋ ಯಾರಿಗ್ ಗೊತ್ತು. ನಾ ಕೇಳೋದು ಬಿಟ್ಟು ಭಾಳ ವರ್ಷ ಆತು." ನಾನು ಹಾಗೆ ಬಿಡುವ ಪೈಕಿ ಅಲ್ಲ. ಯಾವುದೋ ಹೆಂಗಸಿನ ಸಂಗತಿಯೇ ಇರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಅತ್ತೆಯವರ ಪರವಾಗಿ ಮಾವನವರ ಮೇಲೆ ಒಂದಿಷ್ಟು ಸಿಟ್ಟನ್ನೂ ಇಟ್ಟುಕೊಂಡೆ.

ಮಾವನವರು ಸೈನ್ಯದಲ್ಲಿ ಲಾರಿ ಓಡಿಸಿದವರು. ಎಪ್ಪತ್ತೊಂದರ ಯುದ್ಧ ನಡೆದಾಗ ಪಂಜಾಬಿನ ಗಡಿಯಲ್ಲಿದ್ದರು. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಹೆದ್ದಾರಿಯ ಮೇಲಿನ ಬಂಗ್ಲಾ ಎಂಬ ಜಾಗದಲ್ಲಿ, ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡುಗಳ ನಡುವೆ, ತಾಡಪತ್ರಿ ಹೊಲಿಯುವ ಅಂಗಡಿ ಇಟ್ಟರು. ದಪ್ಪ ದಬ್ಬಣ, ಮೇಣ ಸವರಿದ ದಾರ, ಅಂಗೈಗೆ ಕಟ್ಟಿಕೊಂಡ ಚರ್ಮದ ತುಂಡು, ಇಷ್ಟೇ ಅವರ ಸಾಮಾನು. ಅವರು ಹೊಲಿದ ತಾಡಪತ್ರಿಯೊಳಗೆ ಒಂದು ಹನಿ ನೀರು ಇಳಿಯುವುದಿಲ್ಲ ಎಂದು ಹೈದರಾಬಾದಿನ ಕಡೆಯ ಡ್ರೈವರುಗಳೂ ಹೇಳುತ್ತಿದ್ದರು.

ಮನೆಯಲ್ಲಿ ಮಾತ್ರ ಅವರದು ಫೌಜಿ ಕಾನೂನು. ಎದ್ದ ಕೂಡಲೇ ಕೌದಿ ಮಡಿಚಬೇಕು, ಮಡಿಚಿದ ಅಂಚುಗಳು ಒಂದರ ಮೇಲೊಂದು ಕೂಡಬೇಕು. ಹೊಸ ಸೊಸೆ ನಾನು ಎರಡು ದಿನ ಹೇಳಿದಂತೆ ಮಡಿಚಿದೆ, ಮೂರನೆಯ ದಿನ ಉಂಡೆ ಮಾಡಿ ಮೂಲೆಗೆ ಎಸೆದೆ. ಅವರು ಏನೂ ಅನ್ನದೆ ಅದನ್ನು ಬಿಚ್ಚಿ, ನೀಟಾಗಿ ಮಡಿಚಿಟ್ಟು ಅಂಗಡಿಗೆ ಹೋದರು. ನಾಲ್ಕನೆಯ ದಿನವೂ ಹಾಗೆಯೇ ಮಾಡಿದರು. ಐದನೆಯ ದಿನ ನನಗೇ ನಾಚಿಕೆಯಾಯಿತು. ಇವತ್ತಿಗೂ ನನ್ನ ಮನೆಯ ಕೌದಿಗಳ ಅಂಚುಗಳು ಕೂಡಿಯೇ ಇರುತ್ತವೆ, ಆದರೆ ಅದನ್ನು ಅವರಿದ್ದಾಗ ಒಪ್ಪಿಕೊಳ್ಳಲಿಲ್ಲ.

ಅತ್ತೆಯವರಿಗೆ ಮೊಣಕಾಲು ನೋವು ಶುರುವಾಗಿ ಕುಳಿತು ಏಳಲಾರದೆ ಹೋದಾಗ, ಮಾವನವರು ಒಂದು ಭಾನುವಾರ ಇಟ್ಟಿಗೆ ಜೋಡಿಸಿ, ನಿಂತೇ ರೊಟ್ಟಿ ಬಡಿಯುವಂಥ ಕಟ್ಟೆ ಕಟ್ಟಿದರು. ಎತ್ತರ ಸರಿಯಾಗಲಿ ಎಂದು ಅತ್ತೆಯವರನ್ನು ನಿಲ್ಲಿಸಿ, ಮೊಣಕೈಗೆ ದಾರ ಹಿಡಿದು ಅಳತೆ ತೆಗೆದರು. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ನಿಂತು ರೊಟ್ಟಿ ಮಾಡಿದ ಮೊದಲ ಹೆಂಗಸು ನಮ್ಮ ಅತ್ತೆ. ನೋಡಲು ಬಂದ ಹೆಂಗಸರಿಗೆಲ್ಲ ಅವರು, "ನಮ್ ಮನ್ಯಾವ್ರಿಗೆ ಮಾಡಾಕ ಕೆಲಸಿಲ್ಲ, ಅದಕ್ಕ," ಎಂದು ಬೈಯುತ್ತಲೇ ಬೀಗುತ್ತಿದ್ದರು.

ನನ್ನ ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅವಳ ಜಡೆಯನ್ನೂ ಅವರೇ ಹಾಕತೊಡಗಿದರು. ಲಾರಿಯ ಮೇಲಿನ ಹಗ್ಗ ಬಿಗಿದ ಕೈ. ಸಂಜೆ ಅವಳು ಮನೆಗೆ ಬಂದಾಗ ಒಂದು ಕೂದಲೂ ಅಲ್ಲಾಡಿರುತ್ತಿರಲಿಲ್ಲ, ಹುಬ್ಬುಗಳು ಮಾತ್ರ ಮೇಲಕ್ಕೇರಿರುತ್ತಿದ್ದವು. ಜಡೆ ಹಾಕಿಸಿಕೊಳ್ಳುತ್ತಾ ಅವಳು ಕೇಳುತ್ತಿದ್ದಳು, "ಮುತ್ಯಾ, ನೀ ಲಡಾಯ್ಯಾಗ ಎಷ್ಟ್ ಮಂದೀನ ಕೊಂದಿ?"

"ಮಂದೀನ ಯಾರೂ ಇಲ್ಲವ್ವಾ. ಒಂದ್ ಕೋಳಿ ಗಾಲ್ಯಾಗ ಸಿಕ್ಕಿತ್ತು. ಅದರ ಪಾಪ ಇನ್ನೂ ಹೋಗಿಲ್ಲ."

ಯುದ್ಧದ ಬಗ್ಗೆ ಅವರ ಬಾಯಿಂದ ಬಂದದ್ದು ಅಷ್ಟೇ. ಕೋಳಿ, ಚಳಿ, ತಗಡಿನ ಮಗ್ಗಿನ ಚಹಾ.

ಇನ್ನು ಅವರ ಪೂಜೆ. ನಮ್ಮದು ಲಿಂಗ ಕಟ್ಟುವ ಮನೆತನ. ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲೆ ಇಟ್ಟು ಪೂಜೆ ಮಾಡುವ ತನಕ ಮಾವನವರು ತುತ್ತು ಮುಟ್ಟುತ್ತಿರಲಿಲ್ಲ. ಹಿರಿಯರೆಲ್ಲ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಧರಿಸಿದರೆ ಇವರದು ಬರೀ ಬಿಳಿ ಬಟ್ಟೆಯ ಗಂಟು. ವಿಭೂತಿ, ನೀರು, ಹೂವು ತಂದಿಡುವ ಕೆಲಸ ನನ್ನದು. ಮೊದಲ ದಿನ ಹಿತ್ತಲ ಕಣಗಿಲೆ ಗಿಡದಿಂದ ಒಂದು ಹೂವು ಕಿತ್ತು ತಂದಿಟ್ಟೆ.

"ಇನ್ನೊಂದು ತಾ ತಂಗಿ," ಎಂದರು.

"ಒಂದ್ ಲಿಂಗಕ್ಕ ಎರಡ್ ಹೂ ಯಾಕ್ರಿ ಮಾವಾರ?"

"ಒಂದು ನಂದು. ಒಂದು ಮತ್ತೊಬ್ಬರ ಪಾಲಿಂದು."

ಆ ಮತ್ತೊಬ್ಬರು ಯಾರು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಪೂಜೆಗೆ ಕುಳಿತುಬಿಟ್ಟರು. ಅದೇ ನಿರ್ಣಾದ ಹೆಂಗಸೇ, ಅನುಮಾನವೇ ಇಲ್ಲ ಎಂದುಕೊಂಡೆ. ಆದರೂ ಏಳು ವರ್ಷ ದಿನಾಲೂ ಎರಡು ಹೂವು ತಂದಿಟ್ಟೆ.

ಒಂದು ಶ್ರಾವಣದಲ್ಲಿ ಅವರಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿ ಒಂದು ವಾರ ಹಾಸಿಗೆ ಹಿಡಿದರು. ಮಧ್ಯಾಹ್ನ ಗಂಜಿ ಕೊಡಲು ಹೋದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಹೇಳಿದರು, "ತಂಗಿ, ನಾ ಏನಾರ ಹೋದ್ರ, ಈ ಲಿಂಗ ನನ್ ಕೈಯಾಗ ಇಟ್ಟು ಮಣ್ಣ ಕೊಡಬ್ಯಾಡ್ರಿ. ಇದು ನಂದಲ್ಲ."

ಗಂಜಿಯ ಬಟ್ಟಲನ್ನು ಕೆಳಗಿಟ್ಟೆ. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟೇ ಮಣ್ಣು ಮಾಡುವುದು. ಹುಟ್ಟಿದಾಗ ಕಟ್ಟಿದ್ದು ಹೋಗುವಾಗ ಜೊತೆಗಿರಬೇಕು. ಇವರು ನೋಡಿದರೆ ದಿನಾ ಪೂಜಿಸುವ ಲಿಂಗವೇ ತಮ್ಮದಲ್ಲ ಎನ್ನುತ್ತಿದ್ದಾರೆ. ಜ್ವರದ ಬಡಬಡಿಕೆ ಎಂದುಕೊಂಡೆ. ಅಲ್ಲ, ಪೂರ್ತಿ ಎಚ್ಚರದಲ್ಲೇ ನಡೆದದ್ದನ್ನೆಲ್ಲ ಹೇಳಿದರು.

ಯುದ್ಧದ ಸಮಯ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಆಸುಪಾಸು. ಪಂಜಾಬಿನ ಒಂದು ಹೊಲದ ಪಂಪುಸೆಟ್ಟಿನ ಹತ್ತಿರ ಲಾರಿ ನಿಲ್ಲಿಸಿ ಮಾವನವರು ಸ್ನಾನಕ್ಕೆ ಇಳಿದಿದ್ದರು. ಪಕ್ಕದಲ್ಲಿ ಬೇರೆ ತುಕಡಿಯ ಒಬ್ಬ ಸಿಪಾಯಿ ಚಳಿಗೆ ಕನ್ನಡದಲ್ಲಿ ಬೈದುಕೊಳ್ಳುತ್ತಾ ಮೈಗೆ ನೀರು ಹಾಕಿಕೊಳ್ಳುತ್ತಿದ್ದ. ಯಾವೂರು ಎಂದರೆ ನಿರ್ಣಾ. ಇಬ್ಬರಿಗೂ ಹುಚ್ಚು ಖುಷಿ. ಊರಲ್ಲಿ ಈಗ ಕಾಳು-ಸೊಪ್ಪಿನ ಭಜ್ಜಿ, ಅಂಬಲಿ ಮಾಡುತ್ತಿರುತ್ತಾರೆ ಎಂದು ಮಾತಾಡುತ್ತಾ ನಿಂತರು. ಲಿಂಗವನ್ನು ಮೈಯಿಂದ ತೆಗೆಯಬಾರದು. ಆದರೆ ಆ ಚಳಿಯಲ್ಲಿ ಒದ್ದೆ ಬಟ್ಟೆಯ ಗಂಟು ಎದೆಗೆ ಹತ್ತಿಕೊಂಡರೆ ದಿನವಿಡೀ ನಡುಕ. ಅದಕ್ಕೇ ಇಬ್ಬರೂ ಶಿವದಾರ ಬಿಚ್ಚಿ ಗಂಟುಗಳನ್ನು ಲಾರಿಯ ಬೆಚ್ಚನೆಯ ಬಾನೆಟ್ಟಿನ ಮೇಲೆ ಇಟ್ಟಿದ್ದರು. ಅಷ್ಟರಲ್ಲಿ ವಿಮಾನದ ಸದ್ದು, ಸೀಟಿ, ಓಡಿ ಎಂಬ ಕೂಗು. ಕೈಗೆ ಸಿಕ್ಕ ಗಂಟನ್ನು ಕೊರಳಿಗೆ ಹಾಕಿಕೊಂಡು ಅವನು ಅತ್ತ ಓಡಿದ, ಇವರು ಲಾರಿ ಹತ್ತಿ ಇತ್ತ ಹೊರಟರು.

"ಮರುದಿನ ಗಂಟ್ ಬಿಚ್ಚಿ ನೋಡ್ತೇನಿ, ಇದು ನಂದಲ್ಲ. ನಂದರ ಬುಡದಾಗ ಜ್ವಾಳದ ಕಾಳಿನಷ್ಟ್ ಚೂರು ಹೋಗಿತ್ತು, ಸಣ್ಣಾವಿದ್ದಾಗ ಬೀಸೋ ಕಲ್ಲಿಗೆ ಬಡದಿದ್ದೆ. ನಮ್ಮವ್ವ ಆವತ್ತು ಅತ್ತಿದ್ಲು. ಇದು ಸಾಫ್ ಅದ. ಆ ತುಕಡಿ ಆಗಲೇ ಮುಂದ ಹೋಗಿತ್ತು. ಹೊಟ್ಟಿ ಹಸದಿತ್ತು. ಪೂಜಿ ಮಾಡದ ಉಣ್ಣಂಗಿಲ್ಲ. ಏನ್ ಮಾಡ್ಲಿ? ಇದಕ್ಕೇ ಪೂಜಿ ಮಾಡ್ದೆ, ಉಂಡೆ."

"ಊರಿಗ್ ಬಂದ ಮ್ಯಾಲೆ ನಿರ್ಣಾಕ್ಕ ಯಾಕ್ ಹೋಗಿಲ್ರಿ?"

"ಹುಮನಾಬಾದ್ ಬಸ್ ಸ್ಟ್ಯಾಂಡ್ ತನ ಹೋಗಿದ್ದೆ, ಎರಡ್ ಸಲ. ಕುಂತು ಹೊಳ್ಳಿ ಬಂದೆ. ಆ ತುಕಡ್ಯಾಗ ಭಾಳ ಮಂದಿ ಸತ್ರು ತಂಗಿ. ಅವನೂ ಸತ್ತಿದ್ರ, ಅವರವ್ವಗ ಏನಂತ ಹೇಳ್ಲಿ? ನಿನ್ ಮಗನ ಲಿಂಗ ನನ್ ಕೊರಳಾಗ ಅದ ಅಂತ ಹೇಳ್ಲೇನು? ಹೋಗಿ ಕೇಳಲಾರದ ಇದ್ರ ಅವ ಜೀವಂತ ಇರ್ತಾನ. ಮಳಿ ಆಗ್ತದ, ಬೆಳಿ ತೆಗಿತಾನ."

ಇಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿಗಾಗಿ ನನಗೆ ಅಳು ಬಂತು. ಅವರ ಅಪ್ಪಣೆ ಇಷ್ಟೇ: ತಾವು ಹೋದ ಮೇಲೆ ಈ ಲಿಂಗವನ್ನು ನಾನು ನಿರ್ಣಾಕ್ಕೆ ಮುಟ್ಟಿಸಬೇಕು, ಅಲ್ಲಿ ತಮ್ಮದು ಸಿಕ್ಕರೆ ತಂದು ತಮ್ಮ ಸಮಾಧಿಯಲ್ಲಿ ಇಡಬೇಕು. ಇರುವ ತನಕ ಯಾರನ್ನೂ ಕೇಳಬಾರದು. ಈ ಕೆಲಸಕ್ಕೆ ಮಗನನ್ನು ಬಿಟ್ಟು ನನ್ನನ್ನೇ ಯಾಕೆ ಹಿಡಿದಿರಿ ಎಂದರೆ, "ಅವ ಮೆತ್ತನವ. ನೀ ಜಗಳಗಂಟಿ ಇದ್ದಿ, ಕೆಲಸ ಆಗ್ತದ," ಎಂದರು.

ಜ್ವರ ಇಳಿಯಿತು, ಅಂಗಡಿಗೂ ಹೋಗತೊಡಗಿದರು. ನನಗೆ ತಡೆಯಲಾಗಲಿಲ್ಲ. ಸತ್ತ ಮೇಲೆ ಕೇಳಬಹುದಂತೆ, ಇದ್ದಾಗ ಕೇಳಬಾರದಂತೆ, ಇದ್ಯಾವ ಫೌಜಿ ಕಾನೂನು? ದೀಪಾವಳಿಗೆ ತವರಿಗೆ ಹೋದವಳೇ ಅಣ್ಣನನ್ನು ಕೇಳಿದೆ. ಅಣ್ಣನದು ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ, ಸುತ್ತಲಿನ ಹಳ್ಳಿಗಳೆಲ್ಲ ಅವನ ಗಿರಾಕಿಗಳೇ. "ನಿರ್ಣಾದಾಗ ಮಿಲಿಟ್ರಿಗೆ ಹೋಗಿದ್ದವ್ರು ಯಾರಾರ ಅದಾರೇನ್?" ಎಂದೆ. ಅವನು ಮೀಟರ್ ಕೋಲು ಕೆಳಗಿಡದೆಯೇ ಹೇಳಿದ, "ಅದಾರಲ್ಲ, ದೊಡ್ಡ ದನಿ ಮುದುಕ. ಎಪ್ಪತ್ತೊಂದರ ಲಡಾಯ್ಯಾಗ ಪಂಜಾಬಿನಾಗ ಇದ್ದವ್ರು, ಆ ಊರಾಗ ಅವ್ರೊಬ್ಬರೇ ಮಿಲಿಟ್ರಿ. ನಿನ್ನಿ ಬಂದು ಧೋತರ ಒಯ್ದ್ರು. ಪನ್ನಾ ಕಮ್ಮಿ ಅದ ಅಂತ ನನ್ ಜೋಡಿ ಒಂದ್ ತಾಸು ವಾದ ಹಾಕಿದ್ರು."

ಇಪ್ಪತ್ತೆಂಟು ವರ್ಷ ನಮ್ಮ ಮಾವನವರು ಹೆದರಿ ಕೇಳದೆ ಇದ್ದ ಸಂಗತಿ ನನ್ನ ಅಣ್ಣನ ಅಂಗಡಿಯಲ್ಲಿ ಧೋತರದ ಅಗಲ ಅಳೆಯುತ್ತಿತ್ತು.

ಕಲ್ಯಾಣಕ್ಕೆ ವಾಪಸು ಬಂದೆ. ಮಾವನವರು ಅಂಗಳದಲ್ಲಿ ತಾಡಪತ್ರಿ ಹರಡಿಕೊಂಡು ಕುಳಿತಿದ್ದರು. ತಲೆ ಎತ್ತಿ, ರೂಢಿಯಂತೆ, "ನಿರ್ಣಾ ಕಡಿ ಮಳಿ ಹ್ಯಾಂಗದ?" ಎಂದರು.

"ಚಲೋ ಆಗ್ಯಾದ್ರಿ. ನಿಮ್ ದೋಸ್ತರ ಹೊಲದಾಗ ತೊಗರಿ ಎದಿಮಟ ಬಂದದಂತ," ಎಂದೆ.

ಅವರ ಕೈಯ ದಬ್ಬಣ ನಿಂತಿತು. ನನ್ನನ್ನು ಬೈಯಲಿಲ್ಲ. "ಎದಿಮಟ?" ಎಂದು ಒಮ್ಮೆ ಕೇಳಿದರು, ಹೌದ್ರಿ ಎಂದೆ. ಎದ್ದು ಬಚ್ಚಲಿಗೆ ಹೋದರು, ಬಹಳ ಹೊತ್ತು ಮುಖಕ್ಕೆ ನೀರು ಹಾಕಿಕೊಳ್ಳುವ ಸದ್ದು ಕೇಳುತ್ತಿತ್ತು. ಅತ್ತೆಯವರು ಬಂದು ಏನಾಯಿತು ಎಂದಾಗ ಎಲ್ಲ ಹೇಳಿದೆ. ಅವರು ಕಟ್ಟೆಯ ಅಂಚು ಹಿಡಿದು ನಿಂತು ಕೇಳಿದರು, ಕೊನೆಗೆ, "ನಾನೂ ನಿನ್ ಹಂಗೇ ತಿಳ್ಕೊಂಡಿದ್ದೆ," ಎಂದು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು.

ಹೊಸ ಶತಮಾನ ಬಂತೆಂದು ಎಲ್ಲರೂ ಗದ್ದಲ ಮಾಡುತ್ತಿದ್ದ ಆ ಚಳಿಗಾಲದ ಎಳ್ಳಮಾಸಿಗೆ ಆ ಮುದುಕರು, ನಮ್ಮ ಪಾಲಿಗೆ ನಿರ್ಣಾದವರು, ಅಣ್ಣನ ಕೈಯಲ್ಲಿ ಹೇಳಿಕಳಿಸಿ ನಮ್ಮನ್ನು ಹೊಲಕ್ಕೆ ಕರೆದರು. ನಮ್ಮ ಬೀದರ ಸೀಮೆಯಲ್ಲಿ ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಅಡುಗೆಯ ಎಡೆಯನ್ನು ಚರಗವಾಗಿ ಚೆಲ್ಲಿ, ಗಿಡದ ಕೆಳಗೆ ಕುಳಿತು ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವುದು. ದೊಡ್ಡ ದನಿಯ ಮುದುಕರು ಬದುವಿನ ಮೇಲೇ ಕಾಯುತ್ತಿದ್ದರು. ಮಾವನವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಪಂಪಿನ ಮುಂದ ನಡಗಾಕತ್ತಿದ್ದ ಡ್ರೈವರ್ ನೀನೇ ಏನಲೇ?" ಎಂದು ಕೂಗಿದರು. ಮಾವನವರು ಹೋಗಿ ಅವರ ಎರಡೂ ತೋಳು ಹಿಡಿದುಕೊಂಡರು. ಬಿಡಲೇ ಇಲ್ಲ.

ಲಿಂಗದ ಮಾತು ತೆಗೆದಾಗ ಮಾತ್ರ ಎಲ್ಲ ತಲೆಕೆಳಗಾಯಿತು. ನಿರ್ಣಾದವರಿಗೆ ಅದು ಅದಲುಬದಲಾದದ್ದೇ ಗೊತ್ತಿರಲಿಲ್ಲ!

"ಏನ್ ಮಾತಾಡ್ತಿ? ಇದು ನಂದೇ," ಎಂದು ಎದೆಗೆ ಕೈ ಇಟ್ಟುಕೊಂಡರು.

"ಬುಡದಾಗ ನೋಡು. ಜ್ವಾಳದ ಕಾಳಿನಷ್ಟ್ ಚೂರು ಹೋಗ್ಯಾದ."

ಅವರು ಗಂಟು ಬಿಚ್ಚಲೂ ಇಲ್ಲ. "ಹೋಗ್ಯಾದ, ಖರೇ. ಲಡಾಯ್ಯಾಗ ಎಲ್ಲೋ ಬಡದಿರಬೇಕು ಅಂದ್ಕೊಂಡಿದ್ದೆ." ಆಮೇಲೆ ಸಿಟ್ಟಿಗೆದ್ದರು. "ಯಾಕ್ ಬಂದು ಹೇಳ್ದಿ? ಗೊತ್ತಿಲ್ಲದಾಗ ಅರಾಮ ಇದ್ದೆ. ಮಕ್ಕಳ ಲಗ್ನ, ಹೆಂಡ್ತಿ ಬ್ಯಾನಿ, ಎಲ್ಲಾ ಇದರ ಮುಂದೇ ಕುಂತು ಹೇಳ್ಕೊಂಡೇನಿ. ಈಗ ಕೊಡು ಅಂದ್ರ ಹ್ಯಾಂಗ ಕೊಡ್ಲಿ? ನಾ ಕೊಡಂಗಿಲ್ಲ."

ಇಷ್ಟು ದೂರ ಬಂದದ್ದು ಇದಕ್ಕೇನು ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನವರು ಕೈ ಎತ್ತಿ ತಡೆದರು. ತಮ್ಮ ಗಂಟನ್ನು ಬಿಚ್ಚಿ, ಅದರೊಳಗಿನ ಸಾಫಾದ ಲಿಂಗವನ್ನು ನೋಡಿದರು. "ಖರೇ ಹೇಳಬೇಕಂದ್ರ ನನಗೂ ಕೊಡಾಕ ಮನಸಿಲ್ಲ," ಎಂದರು. "ಇರೋತನ ಹಿಂಗೇ ಇರ್ಲಿ. ಮಣ್ಣಿಗ್ ಹೋಗೋ ಮುಂದ ಅವರವರದು ಅವರವರಿಗೆ ಮುಟ್ಟಲಿ. ನಮ್ಮವ್ವ ಕಟ್ಟಿದ್ದು ನನ್ ಕೈಯಾಗ ಇರಬೇಕು. ಅಷ್ಟ್ ಮಾಡ್ತಿ?"

"ಆವಾಗ ನೋಡೋಣು," ಎಂದರು ನಿರ್ಣಾದವರು. ಮಾತು ಕೊಡಲಿಲ್ಲ. ದಿನಾ ಅವರ ಪಾಲಿಗೆಂದು ಒಂದು ಹೂವು ಹೆಚ್ಚಿಗೆ ಇಡುತ್ತಾರೆ ಎಂದು ನಾನು ಹೇಳಿದ್ದಕ್ಕೆ, "ಹುಚ್ಚ ಅದಾನ," ಎಂದು ಭಜ್ಜಿ ಕಲಸಿಕೊಂಡರು.

ಅದಾದ ಐದು ವರ್ಷ ನಮ್ಮ ಮಾವನವರ ಬದುಕಿನಲ್ಲೇ ಚೆಂದದ ಕಾಲ ಎಂದು ನನಗೆ ಅನಿಸುತ್ತದೆ. ನಿರ್ಣಾದವರು ತಿಂಗಳಿಗೊಮ್ಮೆ ತೊಗರಿಬೇಳೆ ಕಟ್ಟಿಕೊಂಡು ಬರುವರು, ಇಬ್ಬರೂ ಅಂಗಳದಲ್ಲಿ ಕುಳಿತು ಯಾವ ಸುಬೇದಾರನ ಮೀಸೆ ದೊಡ್ಡದಿತ್ತು ಎಂದು ಜಗಳಾಡುವರು. ಒಮ್ಮೆ ಇಬ್ಬರೂ ಸೇರಿ ನಾರಾಯಣಪುರದ ಹಳೆಯ ಶಿವನ ಗುಡಿ ನೋಡಿ ಬರುತ್ತೇವೆಂದು ಹೋಗಿ, ಗುಡಿಯ ಕಟ್ಟೆಯ ಮೇಲೆ ನಿದ್ದೆ ಮಾಡಿ ಬಂದರು. ನನ್ನನ್ನು ಕಂಡ ಕೂಡಲೇ ನಿರ್ಣಾದವರು ಎರಡೂ ಕೈಯಿಂದ ಎದೆ ಮುಚ್ಚಿಕೊಳ್ಳುತ್ತಿದ್ದರು. "ನಿನ್ ಸೊಸಿ ಕಸ್ಕೋತಾಳ ನೋಡಲೇ!" ಮಾವನವರು ನಗುತ್ತಿದ್ದರು. ಆದರೆ ಗೆಳೆಯರು ಊರಿಗೆ ಹೊರಟು ಹೋದ ಮೇಲೆ ಒಮ್ಮೊಮ್ಮೆ ನನಗೆ, "ಬರ್ತಾನ ಅಂತೀಯೇನ್ ತಂಗಿ, ಆವಾಗ?" ಎನ್ನುತ್ತಿದ್ದರು. ಬರ್ತಾರ್ರಿ ಎನ್ನುತ್ತಿದ್ದೆ. ನನಗೇ ನಂಬಿಕೆ ಇರಲಿಲ್ಲ. ಕೊನೆಯ ವರ್ಷ ನಿರ್ಣಾದವರು ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬರುವುದೂ ನಿಂತಿತು.

ಮಾವನವರು ಹೋದದ್ದು ಒಂದು ಬೆಳಗ್ಗೆ, ಮೊಮ್ಮಗಳ ಜಡೆ ಹಾಕಿ ಶಾಲೆಗೆ ಕಳಿಸಿದ ಮೇಲೆ. ಚಹಾ ತಾ ಎಂದವರು ನಾನು ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಅತ್ತ ಮೇಲೆ ನಾನು ಮಾಡಿದ ಮೊದಲ ಕೆಲಸ ಅಣ್ಣನಿಗೆ ಫೋನು. "ನಿರ್ಣಾಕ್ಕ ಹೋಗು. ಅವ್ರನ್ನ ಹೊತ್ಕೊಂಡಾರ ಬಾ," ಎಂದೆ.

ಸಂಜೆ ನಾಲ್ಕಕ್ಕೆ ಎತ್ತುವುದೆಂದು ಹಿರಿಯರು ಹೇಳಿದ್ದರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಹೊತ್ತು ಮೀರುತ್ತದೆ ಎಂದು ಕ್ರಿಯೆ ನಡೆಸಲು ಬಂದ ಅಯ್ಯನವರು ಅವಸರ ಮಾಡಿದರು, ನನ್ನ ಗಂಡನೂ ಏಳುತ್ತಿದ್ದರು. ಅತ್ತೆಯವರು ಮೂಲೆಯಿಂದ ಒಂದೇ ಮಾತು ಹೇಳಿದರು, "ಅವ್ರು ಬರೋತನ ಎತ್ತಬ್ಯಾಡ್ರಿ." ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಐದರ ಸುಮಾರಿಗೆ ಅಣ್ಣನ ಅಂಗಡಿಯ ಟೆಂಪೋ ಓಣಿಗೆ ಬಂತು. ಹಿಂದೆ, ಸಾಮಾನು ಇಡುವಲ್ಲಿ, ಕುರ್ಚಿ ಹಾಕಿಸಿಕೊಂಡು ನಿರ್ಣಾದವರು ಕುಳಿತಿದ್ದರು. ಕುರ್ಚಿ ಸಮೇತ ಇಳಿಸಿ ತಂದೆವು. ದಾರಿಯುದ್ದಕ್ಕೂ ಅಣ್ಣನ ಡ್ರೈವರಿಗೆ ಬೈಯುತ್ತಾ ಬಂದವರು ಒಳಗೆ ಬಂದ ಕೂಡಲೇ ಕೊರಳಿನ ಗಂಟು ಬಿಚ್ಚಿದರು. ಬುಡದ ಚೂರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮಾವನವರ ಅಂಗೈಯಲ್ಲಿ ಅವರ ತಾಯಿ ಕಟ್ಟಿದ ಲಿಂಗವನ್ನು ಇಟ್ಟರು. ಅಲ್ಲಿದ್ದ ತಮ್ಮದನ್ನು ಎತ್ತಿಕೊಂಡರು. ನಾನು ಬಾಗಿಲಿನ ಹತ್ತಿರ ನಿಂತು ಬಿಕ್ಕಿ ಬಿಕ್ಕಿ ಅತ್ತೆ, ಅದು ದುಃಖದ ಅಳು ಮಾತ್ರ ಆಗಿರಲಿಲ್ಲ.

ಅವತ್ತು ನಿರ್ಣಾದವರು ನಮ್ಮ ಮನೆಯಲ್ಲೇ ಉಳಿದರು. ಮರುದಿನ ಬೆಳಗ್ಗೆ ಬಿಸಿನೀರು ಕೊಟ್ಟೆ, ಸ್ನಾನ ಮುಗಿಸಿ ಮಾವನವರು ಕೂರುತ್ತಿದ್ದ ಜಾಗದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೂವತ್ತಮೂರು ವರ್ಷಗಳ ಮೇಲೆ ತಮ್ಮ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು, ಗುರುತು ಹತ್ತದವರಂತೆ ನೋಡುತ್ತಿದ್ದರು. ನಾನು ವಿಭೂತಿ, ನೀರು ಇಟ್ಟು, ಹಿತ್ತಲಿನಿಂದ ಒಂದು ಕಣಗಿಲೆ ಹೂವು ತಂದಿಟ್ಟೆ. ಇನ್ನು ಎರಡು ಬೇಕಾಗುವುದಿಲ್ಲ ಎಂದುಕೊಂಡೇ ತಂದಿದ್ದೆ.

ಅವರು ಆ ಹೂವನ್ನು ನೋಡಿದರು, ನನ್ನನ್ನು ನೋಡಿದರು.

"ಇನ್ನೊಂದು ತಾ ತಂಗಿ," ಎಂದರು.